ತಮ್ಮನಿಗೆ ಹೇಳಿದ ಸಿನಿಮಾ

ಈಗ ನನ್ನ ಮೊಮ್ಮಗ ಮೊಬೈಲಿನ ಮೇಲೆ ಬೆರಳಾಡಿಸಿದರೆ ಸಿನಿಮಾ ಬರುತ್ತದೆ. ಅಕ್ಕೋಳದ ನಾವು ಸಿನಿಮಾ ನೋಡಬೇಕಾದರೆ ನಿಪ್ಪಾಣಿಯವರೆಗೆ ಸೈಕಲ್ ತುಳಿಯಬೇಕಿತ್ತು. ಬರುವಾಗ ಕತ್ತಲು, ನಾಯಿಗಳ ಕಾಟ ಬೇರೆ.

ಇದು 1979ರ ಮಾತು. ನಾನು ಬಿ.ಕಾಂ. ಮುಗಿಸಿ ನಿಪ್ಪಾಣಿಯ ಒಂದು ಬ್ಯಾಂಕಿನಲ್ಲಿ ಕ್ಲಾರ್ಕ್ ಆಗಿದ್ದೆ. ದಿನವಿಡೀ ತಂಬಾಕು ವ್ಯಾಪಾರಿಗಳ ಲೆಡ್ಜರು ಬರೆಯುವುದು, ಕೂಡುವುದು, ತಾಳೆ ನೋಡುವುದು. ಆಗ ಊರಿನ ಗೋಡೆಗಳ ಮೇಲೆ ‘ಶಾಲಿಮಾರ್’ ಪೋಸ್ಟರ್ ಬಿತ್ತು. 1978ರ ಕೊನೆಗೆ ಬಿಡುಗಡೆಯಾದ ಚಿತ್ರ ನಮ್ಮ ಕಡೆ ಬರಲು ತಿಂಗಳುಗಳೇ ಹಿಡಿದಿದ್ದವು. ಧರ್ಮೇಂದ್ರ, ಜೀನತ್ ಅಮಾನ್, ಶಮ್ಮಿ ಕಪೂರ್ ಇದ್ದರು. ಸಾಲದ್ದಕ್ಕೆ ಆಸ್ಕರ್ ಪಡೆದ ಇಂಗ್ಲಿಷ್ ನಟ ರೆಕ್ಸ್ ಹ್ಯಾರಿಸನ್. ದ್ವೀಪದ ಮೇಲೆ ನಡೆಯುವ ಸಾಹಸದ ಕಥೆಯಂತೆ! ಕಿಶೋರ್ ಕುಮಾರ್ ಹಾಡಿದ ಹಾಡು ಆಗಲೇ ರೇಡಿಯೋದಲ್ಲಿ ಎಲ್ಲರ ಬಾಯಿಗೆ ಬಂದಿತ್ತು.

ನನಗಿಂತ ಹೆಚ್ಚು ಆಸೆ ನನ್ನ ತಮ್ಮನಿಗೆ. ಅವನಾಗ ಏಳನೆಯ ಇಯತ್ತೆ. ಸಮುದ್ರವನ್ನು ಕಂಡವನಲ್ಲ, ನಾನೂ ಕಂಡಿರಲಿಲ್ಲ. ರವಿವಾರ ಇಬ್ಬರೂ ಹೋಗುವುದೆಂದು ಗೊತ್ತಾಗಿತ್ತು. ಗುರುವಾರ ಅವನು ಹುಣಸೆಮರದಿಂದ ಬಿದ್ದು ಕಾಲು ಮುರಿದುಕೊಂಡ. ಪ್ಲಾಸ್ಟರು ಹಾಕಿಸಿ ಮನೆಗೆ ತಂದು ಮಲಗಿಸಿದೆವು. ಚಿತ್ರ ಇರುವುದು ಒಂದೇ ವಾರ. ಕಾಲು ನೋವಿಗೆ ಅಳದವನು ಇದಕ್ಕೆ ಗೋಡೆಯ ಕಡೆ ಮುಖ ತಿರುಗಿಸಿ ಅತ್ತ. ಆಮೇಲೆ ಅವನೇ ಕಣ್ಣೊರೆಸಿಕೊಂಡು, “ಅಣ್ಣಾ, ನೀ ಹೋಗಿ ಬಾ. ಒಂದೂ ಬಿಡದ ನೋಡಬೇಕ. ಬಂದು ನನಗ ಎಲ್ಲಾ ಹೇಳಬೇಕ” ಅಂದ.

ಹೋದೆ, ನೋಡಿದೆ. ಮಕ್ಕಳೇ, ಏನು ಹೇಳಲಿ!

ಕಥೆಯ ಎಳೆ ಚೆನ್ನಾಗಿಯೇ ಇತ್ತು. ಒಬ್ಬ ಮಹಾ ಕಳ್ಳ ತನ್ನ ಸ್ವಂತ ದ್ವೀಪದಲ್ಲಿ ಶಾಲಿಮಾರ್ ಎಂಬ ಕೆಂಪು ಹರಳನ್ನು ಇಟ್ಟುಕೊಂಡಿದ್ದಾನೆ. ಲೋಕದ ಹೆಸರಾಂತ ಕಳ್ಳರನ್ನು ಕರೆಸಿ, ತಾಕತ್ತಿದ್ದರೆ ಕದಿಯಿರಿ ಎಂದು ಸವಾಲು ಹಾಕುತ್ತಾನೆ. ಬೇರೆಯವನ ಹೆಸರಿನಲ್ಲಿ ಧರ್ಮೇಂದ್ರನೂ ಅಲ್ಲಿಗೆ ಬರುತ್ತಾನೆ. ಇಷ್ಟು ಕೇಳಿದರೆ ಯಾರಿಗಾದರೂ ಮೈ ನವಿರೇಳಬೇಕು. ಆದರೆ ತೆರೆಯ ಮೇಲೆ ಮಾತು, ಮಾತು, ಬರೀ ಮಾತು. ರೆಕ್ಸ್ ಹ್ಯಾರಿಸನ್‌ನ ತುಟಿ ಒಂದು ಹೇಳಿದರೆ ದನಿ ಇನ್ನೊಂದು ಹೇಳುತ್ತಿತ್ತು. ಅವನ ಹಿಂದಿ ಮಾತುಗಳಿಗೆ ಕಾದರ್ ಖಾನ್ ಕಂಠ ಕೊಟ್ಟಿದ್ದರೆಂದು ಎಷ್ಟೋ ವರ್ಷದ ಮೇಲೆ ತಿಳಿಯಿತು. ಶೋಲೆಯಲ್ಲಿ ನೀರಿನ ಟಾಕಿ ಹತ್ತಿ ನಮ್ಮನ್ನು ನಗಿಸಿದ ಧರ್ಮೇಂದ್ರನಿಗೂ ಇಲ್ಲಿ ಮಂಕು ಕವಿದಂತಿತ್ತು. ಹಾಡು ಬಂದಾಗ ಮಾತ್ರ ಜನ ಸೀಟಿ ಹೊಡೆದರು. ಮಿಕ್ಕಂತೆ ನನ್ನ ಪಕ್ಕದವ ನಿದ್ದೆ ಹೋಗಿದ್ದ. ನಾನು ಹುಡುಕಿದ್ದು ಗುಹೆ, ನಕಾಶೆ, ಬಿರುಗಾಳಿಗೆ ಸಿಕ್ಕ ಹಡಗು. ಅದೆಲ್ಲ ಇಲ್ಲದ ಮೇಲೆ ಆ ಕಥೆ ದ್ವೀಪದಲ್ಲಿ ನಡೆದರೇನು, ಬೆಳಗಾವಿಯ ಒಂದು ಬಂಗಲೆಯಲ್ಲಿ ನಡೆದರೇನು? ದೊಡ್ಡ ಖರ್ಚಿನ ಆ ಚಿತ್ರ ದೇಶದಲ್ಲೆಲ್ಲ ಸೋತಿತು.

ಮನೆಗೆ ಬಂದಾಗ ಕರೆಂಟು ಹೋಗಿತ್ತು. ತಮ್ಮ ಕಂದೀಲು ಸಣ್ಣಗೆ ಮಾಡಿಕೊಂಡು ಎಚ್ಚರಿದ್ದ. “ಹೆಂಗಿತ್ತಣ್ಣಾ? ಸಮುದ್ರ ದೊಡ್ಡದಿತ್ತೇನು?”

ಚಲೋ ಇರಲಿಲ್ಲ ಎನ್ನಲು ಬಾಯಿ ತೆರೆದೆ. ಅವನ ಮುಖ ನೋಡಿ ಬೇರೆಯೇ ಬಂತು. “ದೊಡ್ಡದಂದ್ರ ದೊಡ್ಡದು. ನಮ್ಮ ವೇದಗಂಗಾಗ ಮಹಾಪೂರ ಬಂದಾಗ ನೋಡೀದಿಯಲ್ಲ, ಅದರ ನೂರು ಪಟ್ಟು!”

ವೇದಗಂಗೆ ನಮ್ಮೂರ ಹೊಳೆ. ಮಳೆಗಾಲದಲ್ಲಿ ಉಕ್ಕಿದರೆ ಸಿದ್ನಾಳದ ಕಡೆಗಿನ ದಾರಿ ಬಂದಾಗುತ್ತದೆ. ಹೊಲದ ನಡುವಿನ ದಿಬ್ಬ ಒಂಟಿಯಾಗಿ ನೀರಿನ ಮೇಲೆ ನಿಲ್ಲುತ್ತದೆ. ನಾನು ಕಂಡಿದ್ದ ದ್ವೀಪ ಅದೊಂದೇ. ಅದನ್ನೇ ಎತ್ತಿ ಧರ್ಮೇಂದ್ರನಿಗೆ ಕೊಟ್ಟೆ. ತೇಲಿ ಬರುವ ಮರದ ಬೊಡ್ಡೆ, ಅದನ್ನು ಸುತ್ತಿಕೊಂಡ ಹಾವು, ನೀರಿನ ಸುಳಿ ಎಲ್ಲವೂ ಬಂದವು. ಹರಳನ್ನು ನುಂಗಿ ಸಮುದ್ರಕ್ಕಿಳಿಯುವ ಒಂದು ಮುದಿ ಆಮೆಯನ್ನೂ ಸೇರಿಸಿದೆ. ಒಂದೇ ರಾತ್ರಿಗೆ ಮುಗಿಸಬೇಕೆಂದಿದ್ದೆ. ಪ್ಲಾಸ್ಟರು ಬಿಚ್ಚುವವರೆಗೂ ನಡೆಯಿತು. ಬ್ಯಾಂಕಿನಲ್ಲಿ ಲೆಡ್ಜರಿನ ಮುಂದೆ ಕುಳಿತೇ ಆ ರಾತ್ರಿಯ ಕಥೆ ಹೆಣೆಯುತ್ತಿದ್ದೆ. ಒಮ್ಮೆ ಲೆಕ್ಕ ತಪ್ಪಿ ಸಂಜೆ ಏಳರವರೆಗೆ ಕೂರಬೇಕಾಯಿತು.

ಇಲ್ಲಿಗೇ ಮುಗಿದಿದ್ದರೆ ಇದನ್ನು ಬರೆಯುತ್ತಿರಲಿಲ್ಲ. ತಮ್ಮ ಶಾಲೆಗೆ ಹೋದವನು ಆಮೆಯ ಕಥೆಯನ್ನು ಎಲ್ಲರಿಗೂ ಹೇಳಿದ. ಚಿತ್ರ ನೋಡಿದ್ದ ಒಬ್ಬ ಹುಡುಗ, ಆಮೆಗೀಮೆ ಏನೂ ಇಲ್ಲ, ನಿಮ್ಮಣ್ಣ ಸುಳ್ಳ ಅಂದ. ಅವನೊಡನೆ ಕೈಗೆ ಕೈ ಹತ್ತಿತು. ಅಂಗಿ ಹರಿದು, ತುಟಿ ಒಡೆದು ಮನೆಗೆ ಬಂದ. ಅವ್ವ ಬೈದಳು. “ನಮ್ಮಣ್ಣಗ ಸುಳ್ಳ ಅಂದ” ಎಂದಷ್ಟೇ ಹೇಳಿದ. ನಾನು ಅಲ್ಲೇ ಕುಳಿತು ಚಹಾ ಕುಡಿಯುತ್ತಿದ್ದೆ. ಬಾಯಿ ಬಿಡಲಿಲ್ಲ.

ಮುಂದೆ ಒಮ್ಮೆ ಬ್ಯಾಂಕಿನ ಗೆಳೆಯರ ಜೊತೆ ಉಡುಪಿಗೆ ಹೋದಾಗ ಮಲ್ಪೆಯಿಂದ ದೋಣಿ ಹತ್ತಿ ಸೇಂಟ್ ಮೇರೀಸ್ ದ್ವೀಪಕ್ಕೆ ಹೋದೆ. ತೆಂಗಿನ ಮರ, ಕಾಲಡಿ ಚಿಪ್ಪು, ಪೆನ್ಸಿಲುಗಳನ್ನು ಕಟ್ಟಿ ನಿಲ್ಲಿಸಿದಂತೆ ಕಲ್ಲಿನ ಕಂಬಗಳು. ಅವುಗಳಲ್ಲಿ ಹಲವಕ್ಕೆ ಆರು ಮುಖ. ಸುಮಾರು 8.8 ಕೋಟಿ ವರ್ಷಗಳ ಹಿಂದೆ, ಮಡಗಾಸ್ಕರ್ ಭಾರತದಿಂದ ಬೇರೆಯಾಗುತ್ತಿದ್ದ ಕಾಲದಲ್ಲಿ ಉಕ್ಕಿದ ಲಾವಾರಸ ತಣಿದು ಬಿರಿದು ಹಾಗಾಗಿದೆಯಂತೆ. ಆ ಸಿನಿಮಾದಲ್ಲೂ ಇರಲಿಲ್ಲ, ನನ್ನ ಸುಳ್ಳಿನಲ್ಲೂ ಇರಲಿಲ್ಲ ಇಂಥ ಅಚ್ಚರಿ. ಅಂದೇ ತಮ್ಮನಿಗೆ ಇನ್‌ಲ್ಯಾಂಡ್ ಪತ್ರ ಬರೆದೆ. ಕಲ್ಲಿನ ಸುದ್ದಿ ಬರೆದೆ, ಆಮೆಯ ಸುದ್ದಿ ಬರೆಯಲಿಲ್ಲ.

ಹೋದ ದೀಪಾವಳಿಗೆ ಮೊಮ್ಮಗ ‘ಶಾಲಿಮಾರ್’ ಹುಡುಕಿ ಟಿವಿಗೆ ಹಾಕಿದ. ಅರವತ್ತು ದಾಟಿದ ತಮ್ಮ ಕುರ್ಚಿ ಎಳೆದುಕೊಂಡು ಮುಂದೆ ಕುಳಿತ. ನನಗೆ ಎದ್ದು ಹೋಗಲೂ ಆಗದು, ಕೂರಲೂ ಆಗದು. ಅರ್ಧವಾಯಿತು, ಮುಕ್ಕಾಲಾಯಿತು.

“ಅಣ್ಣಾ, ಆಮೆ ಯಾವಾಗ ಬರತೈತಿ?”

“ಆಮೆ ಇಲ್ಲೋ ತಮ್ಮಾ. ಅದು ನಾ ಕಟ್ಟಿ ಹೇಳಿದ್ದು.”

ಅವನು ಟಿವಿಯಿಂದ ಕಣ್ಣು ತೆಗೆಯಲಿಲ್ಲ. ಬಹಳ ಹೊತ್ತಿನ ಮೇಲೆ, “ಅವತ್ತ ಅಂಗಿ ಹರದಾಗರೆ ಹೇಳಬೇಕಿತ್ತಣ್ಣಾ” ಅಂದ. ಚಿತ್ರ ಮುಗಿಯುವ ಮುಂಚೆಯೇ ಎದ್ದು ತನ್ನ ಮನೆಗೆ ಹೋದ. ಆ ರಾತ್ರಿ ನನಗೆ ಊಟ ಸೇರಲಿಲ್ಲ.

ಎರಡು ದಿನ ಬರಲಿಲ್ಲ. ಮೂರನೆಯ ಸಂಜೆ ಮೊಮ್ಮಗನೇ ಹೋಗಿ ಕೈಹಿಡಿದು ಕರೆತಂದ, ಆಮೆಯ ಸಿನಿಮಾ ಹೇಳು ಎಂದು. ಅವನು ನನ್ನ ಕಡೆ ನೋಡದೆ ಚಾಪೆಯ ಮೇಲೆ ಕುಳಿತು ಶುರು ಮಾಡಿದ. ಹೊಳೆ ಉಕ್ಕಿತು, ಬೊಡ್ಡೆ ತೇಲಿ ಬಂತು, ಎಲ್ಲ ಸರಿಯಾಗಿತ್ತು. ಆಮೇಲೆ ದಂಡೆಗೆ ಎರಡು ಆಮೆ ಬಂದವು.

“ಒಂದ ಆಮೆ ಇತ್ತಲ್ಲೋ” ಅಂದೆ.

“ನೀ ಸುಮ್ಮನ ಕೂಡಣ್ಣಾ” ಅಂದ. “ಹುಡುಗ ಕೇಳಾಕತ್ತಾನ.”