ಉಭಯ ಕುಶಲೋಪರಿ

ಪ್ರತಿವರ್ಷ ಬಸವ ಜಯಂತಿಯ ವಾರದಲ್ಲಿ ನಮ್ಮ ಮನೆಗೆ ಕೆಲವು ಪತ್ರಗಳು ಬರುತ್ತವೆ. ನಾಲ್ಕು ದಶಕಗಳಿಂದಲೂ ಬರುತ್ತಿವೆ. ಬರೆಯುವವರು ನಮ್ಮ ಸಹಪಾಠಿಗಳು. ೧೯೭೮ರಿಂದ ೧೯೮೧ರವರೆಗೆ ಧಾರವಾಡದ ಕರ್ನಾಟಕ ಕಾಲೇಜಿನಲ್ಲಿ ಕನ್ನಡ ಓದಿದ ಏಳು ಮಂದಿಯ ಬಳಗವದು. ಏಳು ಮಂದಿಯೂ ಮುರುಘಾಮಠದ ಪ್ರಸಾದನಿಲಯದಲ್ಲಿ ಒಂದೇ ಪಂಕ್ತಿಯಲ್ಲಿ ಕುಳಿತು ಉಂಡವರು. ಲಿಂಗೈಕ್ಯ ಮೃತ್ಯುಂಜಯ ಮಹಾಸ್ವಾಮಿಗಳವರು ಬಡ ವಿದ್ಯಾರ್ಥಿಗಳಿಗಾಗಿ ಬೆಳೆಸಿದ ಆ ನಿಲಯವಿಲ್ಲದಿದ್ದರೆ ನಮ್ಮಲ್ಲಿ ನಾಲ್ವರಾದರೂ ಹೊಲದ ಬದುವಿನಿಂದ ಈಚೆಗೆ ಬರುತ್ತಿರಲಿಲ್ಲ. ಅಲ್ಲಿ ಹೆಸರಿಗಿಂತ ಊರೇ ಹೆಸರು: ಬೈಲಹೊಂಗಲ, ಹುಕ್ಕೇರಿ, ಕುಂದಗೋಳ, ನವಲಗುಂದ. ಈಗಲೂ ಹಾಗೆಯೇ ಕರೆದುಕೊಳ್ಳುತ್ತೇವೆ.

ಕೊನೆಯ ಪರೀಕ್ಷೆ ಮುಗಿದ ದಿನ ಒಂದು ಮಾತಾಯಿತು. ವರ್ಷಕ್ಕೊಮ್ಮೆ, ಅಣ್ಣನವರ ಜಯಂತಿಗೆ, ಪ್ರತಿಯೊಬ್ಬರೂ ಉಳಿದ ಆರು ಮಂದಿಗೆ ಒಂದೊಂದು ಕಾರ್ಡು ಬರೆಯತಕ್ಕದ್ದು. ಆಗ ಕಾರ್ಡಿಗೆ ೧೫ ಪೈಸೆ. ಆರಕ್ಕೆ ೯೦ ಪೈಸೆ. ಕೆಲಸವಿಲ್ಲದ ಮೊದಲ ವರ್ಷ ಅದೂ ಭಾರವೆನಿಸಿತ್ತು. ಆಮೇಲೆ ದೂರವಾಣಿ ಬಂದಿತು, ಮೊಮ್ಮಕ್ಕಳ ಚಿತ್ರ ಕ್ಷಣದಲ್ಲಿ ಕಳಿಸುವ ಮೊಬೈಲೂ ಬಂದಿತು. ಈ ಒಂದು ಕಾರ್ಡನ್ನು ಮಾತ್ರ ಯಾರೂ ಬಿಡಲಿಲ್ಲ.

ಶಿರೋಭಾಗದಲ್ಲಿ 'ಶರಣು ಶರಣಾರ್ಥಿ', ಅದರ ಕೆಳಗೆ 'ಉಭಯ ಕುಶಲೋಪರಿ', ಆಮೇಲೆ ವರ್ಷದ ಸಮಾಚಾರ. ಮೊದಮೊದಲು ನೌಕರಿಯ ಸುದ್ದಿ, ಅನಂತರ ಕಲ್ಯಾಣ, ತೊಟ್ಟಿಲು, ಮಕ್ಕಳಿಗೆ ಲಿಂಗದೀಕ್ಷೆ. ಹುಕ್ಕೇರಿಯವರ ಗೃಹಪ್ರವೇಶದ ಸುದ್ದಿ ಸತತವಾಗಿ ಮೂರು ವರ್ಷ ಬಂದಿತು. ಮನೆ ಮುಗಿದದ್ದು ನಾಲ್ಕನೆಯ ವರ್ಷ. ಕುಂದಗೋಳದವರ ಮಗಳು ಅಮೆರಿಕೆಗೆ ಹೋದ ಮೇಲೆ ಅವರ ಕಾರ್ಡಿನಲ್ಲಿ ಅಲ್ಲಿಯ ಹಿಮದ ವರ್ಣನೆಯೇ ಅರ್ಧ ಪಾಲು.

ನವಲಗುಂದದವರು ನಮ್ಮೆಲ್ಲರಲ್ಲಿ ಬುದ್ಧಿವಂತರು. ಹಳಗನ್ನಡದ ಯಾವ ಪದ್ಯವನ್ನು ಕೊಟ್ಟರೂ ನಿಂತ ನಿಲುವಿನಲ್ಲಿ ಅನ್ವಯಿಸಿ ಅರ್ಥ ಹೇಳುತ್ತಿದ್ದರು. ನಮಗೆ ಬಂದ ಅಂಕಗಳಲ್ಲಿ ಅವರ ಪಾಲೂ ಇದೆ. ೧೯೮೦ರ ಜುಲೈ ೨೧ರಂದು ಮಲಪ್ರಭಾ ಅಚ್ಚುಕಟ್ಟಿನ ರೈತರ ಚಳವಳಿಯಲ್ಲಿ ನವಲಗುಂದ, ನರಗುಂದಗಳಲ್ಲಿ ಗೋಲಿಬಾರು ನಡೆದು ರೈತರು ಮಡಿದರಷ್ಟೆ. ಸುದ್ದಿ ತಿಳಿದ ಮರುದಿನವೇ ಅವರು ಊರಿಗೆ ಹೊರಟುಹೋದರು. ಎಂಟು ದಿನಗಳ ಮೇಲೆ ಮರಳಿ ಬಂದವರು, ಪದವಿ ಮುಗಿಸಿ ಒಕ್ಕಲುತನಕ್ಕೇ ಹೋಗುವೆನೆಂದರು. ಹಾಗೆಯೇ ಮಾಡಿದರು. ಅವರ ಕಾರ್ಡಿನಲ್ಲಿ ಮಳೆ, ಹೆಸರು, ಕಡಲೆ, ಕಾಲುವೆಯ ನೀರು ಇವೇ ಇರುತ್ತಿದ್ದವು. ಒಮ್ಮೆ ಮಾತ್ರ, ಮಗ ಹುಟ್ಟಿದ ವರ್ಷ, ಕಾರ್ಡಿನ ಅಂಚಿನವರೆಗೂ ಬರೆದಿದ್ದರು.

೨೦೦೬ರಲ್ಲಿ ನಾವು ಅವರಿಗೆ ಹೀಗೆ ಬರೆದೆವು: 'ಎಲ್ಲರ ಮಕ್ಕಳೂ ಒಂದೊಂದು ದಡ ಸೇರುತ್ತಿದ್ದಾರೆ. ನಿನ್ನ ಮಗನ ಸುದ್ದಿಯೇ ಇಲ್ಲ. ಹೊಲವಿದೆಯೆಂದು ಹುಡುಗನನ್ನು ಸೋಮಾರಿ ಮಾಡಿಬಿಟ್ಟೆಯೋ ಹೇಗೆ?' ವಿನೋದಕ್ಕೆಂದು ಬರೆದುದು. ಕಾರ್ಡಿನ ಮೇಲೆ ಬರೆದುದನ್ನು ಅಂಚೆಯವನೂ ಓದಬಲ್ಲ, ಮನೆಮಂದಿಯೂ ಓದಬಲ್ಲರು ಎಂಬುದು ಆಗ ಹೊಳೆಯಲಿಲ್ಲ.

ಮರುವರ್ಷ ನವಲಗುಂದದಿಂದ ಕಾರ್ಡು ಬರಲಿಲ್ಲ. ನಾವು ಇನ್ನೆರಡು ವರ್ಷ ಬರೆದು ಬಿಟ್ಟುಬಿಟ್ಟೆವು. ಗೆಳೆಯರು ಕೂಡಿದಾಗ 'ಅವನಿಗೆ ನಮ್ಮ ಸಂಗ ಸಾಕಾಗಿರಬೇಕು' ಎಂದವರು ಬೇರಾರೂ ಅಲ್ಲ, ನಾವೇ. ಧಾರವಾಡದಿಂದ ನವಲಗುಂದ ಎಷ್ಟು ದೂರ! ಬೆಳಿಗ್ಗೆ ಬಸ್ಸು ಹತ್ತಿದರೆ ಸಂಜೆಗೆ ಮನೆ ಸೇರಬಹುದು. ಹದಿಮೂರು ವರ್ಷ ನಾವು ಆ ಬಸ್ಸು ಹತ್ತಲಿಲ್ಲ.

೨೦೧೯ರಲ್ಲಿ ಬೈಲಹೊಂಗಲದವರು ಲಿಂಗೈಕ್ಯರಾದರು. ಕ್ರಿಯಾಸಮಾಧಿಯ ಹೊತ್ತಿಗೆ ಜನರ ಹಿಂದೆ ನವಲಗುಂದದವರು ನಿಂತಿದ್ದುದು ಕಂಡಿತು. ತಲೆ ಪೂರ್ಣ ನರೆತಿತ್ತು. ಮಣ್ಣು ಹಾಕಿ ಕೈತೊಳೆದು ಬಂದ ಮೇಲೆ 'ಆರಾಮವೇ?' ಎಂದೆವು. 'ಹ್ಞೂಂ, ಆರಾಮ. ಮಗನ ಗುಳಿಗೆಯ ಹೊತ್ತಾಗುತ್ತದೆ, ಬರುತ್ತೇನೆ' ಎಂದು ಹೊರಟೇಬಿಟ್ಟರು.

ಮರುವಾರ ನವಲಗುಂದಕ್ಕೆ ಹೋದೆವು. ತಾಯಿ ಬಾಗಿಲು ತೆರೆದರು. ಒಳಗಿನಿಂದ ಮೂವತ್ತು ದಾಟಿದ ಒಬ್ಬ ತರುಣ ಬಂದು, ಆ ಊರಿನ ಹೆಣ್ಣುಮಕ್ಕಳು ನೇಯುವ ಜಮಖಾನೆಯೊಂದನ್ನು ಮಡಿಕೆ ಬಿಡಿಸಿ ಹಾಸಿ, ಅದರ ನಾಲ್ಕೂ ಮೂಲೆಗಳನ್ನು ಮತ್ತೆ ಮತ್ತೆ ಸರಿಪಡಿಸುತ್ತ ಕುಳಿತ. ನಮ್ಮ ಮುಖ ನೋಡಲಿಲ್ಲ.

ಹದಿನೇಳನೆಯ ವಯಸ್ಸಿನಲ್ಲಿ, ೨೦೦೫ರಲ್ಲಿ, ಆರಂಭವಾದ ಕಾಯಿಲೆ. ಯಾರೂ ಇಲ್ಲದಾಗ ಮಾತು ಕೇಳಿಸುವುದು, ಊಟದಲ್ಲಿ ವಿಷವಿದೆಯೆಂಬ ಶಂಕೆ, ರಾತ್ರಿಗಳೆಲ್ಲ ಎಚ್ಚರ. ವೈದ್ಯರು ಸ್ಕಿಜೋಫ್ರೀನಿಯಾ ಎನ್ನುವ ಈ ವ್ಯಾಧಿ ಬಹುಶಃ ಹರೆಯದಲ್ಲಿಯೇ ತಲೆದೋರುತ್ತದೆ. ಮೊದಲ ಎರಡು ವರ್ಷ ಗಾಳಿ, ಮಾಟ ಎಂದು ಊರೂರು ತಿರುಗಿ ಕಳೆದುದಕ್ಕೆ ತಂದೆ ಇಂದಿಗೂ ತಮ್ಮನ್ನು ತಾವೇ ಕ್ಷಮಿಸಿಕೊಂಡಿಲ್ಲ. ಅನಂತರ ಧಾರವಾಡದ ಡಿಮ್ಹಾನ್ಸ್ ಆಸ್ಪತ್ರೆಗೆ ತೋರಿಸಿದರು. ಔಷಧ ಹಿಡಿಯಿತು. ಗುಣ ಕಂಡಿತೆಂದು ಒಮ್ಮೆ ಬಿಟ್ಟುದಕ್ಕೆ ರೋಗ ಮೊದಲಿಗಿಂತ ಬಿರುಸಾಗಿ ಮರುಕಳಿಸಿತಂತೆ. ಆಮೇಲೆ ಒಂದು ದಿನವೂ ತಪ್ಪಿಸಿಲ್ಲ. ಹುಡುಗ ಹೊಲದಲ್ಲಿ ಕಳೆ ತೆಗೆಯುತ್ತಾನೆ, ದನ ನೋಡಿಕೊಳ್ಳುತ್ತಾನೆ, ಮೂರು ಹೊತ್ತೂ ಲಿಂಗಪೂಜೆ ಮಾಡುತ್ತಾನೆ.

'ಆಸ್ಪತ್ರೆಗೆ ಯಾವಾಗ ಬರುತ್ತೀರಿ?' ಎಂದು ಕೇಳಿದೆವು.

'ಪ್ರತಿ ತಿಂಗಳೂ.'

ನಮ್ಮ ಮನೆ ಆ ಆಸ್ಪತ್ರೆಯಿಂದ ಕಾಲು ಗಂಟೆಯ ನಡಿಗೆ. ಹನ್ನೆರಡು ವರ್ಷ ತಿಂಗಳಿಗೊಮ್ಮೆ ತಂದೆಮಕ್ಕಳು ಅಲ್ಲಿಗೆ ಬಂದು, ಕಟ್ಟಿಕೊಂಡು ಬಂದ ರೊಟ್ಟಿಯ ಬುತ್ತಿಯನ್ನು ಅಲ್ಲಿಯ ಮರದಡಿ ಬಿಚ್ಚಿ ಉಂಡು, ಹಿಂದಿರುಗಿದ್ದರು. ನಮ್ಮ ಮನೆಯಲ್ಲಿ ದಾಸೋಹದ ಮೇಲೆ ನಾವು ಬರೆದ ಎರಡು ಪುಸ್ತಕಗಳಿವೆ.

'ಬರಬಾರದಾಗಿತ್ತೆ?' ಎಂದೆವು. ಅವರು ಕೆಲವು ಹೊತ್ತು ಸುಮ್ಮನಿದ್ದು, 'ನಿಮ್ಮೆಲ್ಲರ ಕಾರ್ಡು ಓದುತ್ತಿದ್ದೆ. ಅದರಲ್ಲಿ ಇಂಥದಕ್ಕೆ ಜಾಗ ಕಾಣಲಿಲ್ಲ' ಎಂದರು. ನಮ್ಮ ವಿನೋದದ ಕಾರ್ಡಿನ ಹೆಸರೆತ್ತಲಿಲ್ಲ. ನಾವೇ ಎತ್ತಿ ಕೈಮುಗಿದೆವು. 'ಆ ಕಾರ್ಡನ್ನು ಇವಳಿಗೆ ಓದಿ ಹೇಳಿದವನು ಅವನೇ' ಎಂದಷ್ಟೇ ಹೇಳಿ ಹೆಂಡತಿಯ ಕಡೆ ನೋಡಿದರು. ಆ ತಾಯಿ ನಮಗೆ ಇನ್ನೊಂದು ರೊಟ್ಟಿ ಬಡಿಸಿದರು.

ಬಸ್ಸಿನಲ್ಲಿ ಮರಳುವಾಗ ನೆನಪಾದುದನ್ನು ಇಲ್ಲಿ ಹೇಳಲೇಬೇಕು. ೨೦೦೯ರಲ್ಲಿ ನಮ್ಮ ಎರಡನೆಯ ಮಗಳು ಗಂಡನ ಮನೆ ಬಿಟ್ಟು ಬಂದಳು. ಆ ವರ್ಷದ ನಮ್ಮ ಆರೂ ಕಾರ್ಡುಗಳಲ್ಲಿ ಇದ್ದುದು 'ನಾವೆಲ್ಲ ಕ್ಷೇಮ' ಎಂಬ ಎರಡು ಶಬ್ದ, ಮಿಕ್ಕುದೆಲ್ಲ ನಮಗೆ ದೊರೆತ ಒಂದು ಸನ್ಮಾನದ ವಾರ್ತೆ. ಬಸವಾದಿ ಶರಣರು ತಮ್ಮ ಕುಂದುಗಳನ್ನು ಅನುಭಾವಿಗಳ ಮುಂದೆ ಬಿಚ್ಚಿಟ್ಟ ಬಗೆಯನ್ನು ಮೂವತ್ತು ವರ್ಷ ತರಗತಿಯಲ್ಲಿ ಪಾಠ ಹೇಳಿದವರು ನಾವು. ಮಠದಲ್ಲಿ ಬೆಳೆದವರಿಗೆ ಮಾತು ಬಹಳ ಬೇಗ ಸಿದ್ಧಿಸುತ್ತದೆ. ಅದೇ ಒಂದು ತೊಡಕು.

ಮುಂದಿನ ಜಯಂತಿಗೆ ಮಗಳ ಒಪ್ಪಿಗೆ ಪಡೆದು, ಅವಳ ವಿಷಯವನ್ನು ಎಲ್ಲರಿಗೂ ಬರೆದೆವು, ಕಾರ್ಡಿನಲ್ಲಿ ಅಲ್ಲ, ಲಕೋಟೆಯಲ್ಲಿ. ಉತ್ತರವಾಗಿ ಹುಕ್ಕೇರಿಯಿಂದ ಎಂಟು ಪುಟಗಳ ಪತ್ರ ಬಂದಿತು. ಆ ಮನೆ ಕಟ್ಟಲು ನಾಲ್ಕು ವರ್ಷ ಹಿಡಿದುದೇಕೆಂಬುದು ಅದರಲ್ಲಿತ್ತು. ಅದನ್ನು ಇಲ್ಲಿ ಬರೆಯುವಂತಿಲ್ಲ. ಕುಂದಗೋಳದವರು ಮಾತ್ರ ಎಂದಿನಂತೆ ಹಿಮದ ಬಗ್ಗೆ ಬರೆದರು. ಅವರಿಗೆ ನಿಜವಾಗಿಯೂ ಬೇರೆ ಸುದ್ದಿ ಇರಲಾರದು, ಅಥವಾ ಹೇಳುವ ಹೊತ್ತು ಇನ್ನೂ ಬಂದಿರಲಾರದು. ನಾವು ಕೇಳಲಿಲ್ಲ.

ನವಲಗುಂದದಿಂದ ಈ ವರ್ಷ ಬಂದ ಕಾರ್ಡಿನಲ್ಲಿ ನಾಲ್ಕೇ ಸಾಲು. ಕಡಲೆ ಸಾಧಾರಣ. ಹುಡುಗ ಈಗ ರಾತ್ರಿ ನಿದ್ರಿಸುತ್ತಾನೆ. ತಾಯಿಗೆ ಮೊಣಕಾಲು ನೋವು. ಸೋಮವಾರ ಆಸ್ಪತ್ರೆ ಮುಗಿಸಿಕೊಂಡು ಹನ್ನೆರಡಕ್ಕೆ ನಿಮ್ಮಲ್ಲಿಗೆ ಬರುತ್ತೇವೆ, ಪಲ್ಯಕ್ಕೆ ಖಾರ ಕಡಿಮೆ ಇರಲಿ, ಅವನಿಗೆ ಆಗುವುದಿಲ್ಲ.