ಕ್ಯೂ ದಫ್ತರಖಾನೆಯಲ್ಲಿ ಒಂದು ದಿನ

ಲಂಡನ್ ನಗರದ ನೈರುತ್ಯಕ್ಕೆ, ಥೇಮ್ಸ್ ನದಿಯ ದಡದಲ್ಲಿ, ಕ್ಯೂ ಎಂಬ ಊರಿರುವುದು. ಅಲ್ಲಿಯ ಸಸ್ಯೋದ್ಯಾನವು ಜಗತ್ಪ್ರಸಿದ್ಧವಾದುದರಿಂದ ರೈಲಿನಿಂದಿಳಿದ ಯಾತ್ರಿಕರು ಬಹುಮಟ್ಟಿಗೆ ಅತ್ತ ಹೋಗುವರು. ನಾವು ಮಾತ್ರ ಕಳೆದ ವೈಶಾಖಮಾಸದ ಒಂದು ಬೆಳಿಗ್ಗೆ ಬೇರೊಂದು ದಾರಿಯನ್ನು ಹಿಡಿದೆವು. ಸ್ವಲ್ಪ ದೂರ ನಡೆಯಲಾಗಿ, ಎದುರಿಗೆ ಕೊಳವನ್ನಿರಿಸಿಕೊಂಡು ಕೋಟೆಯಂತೆ ನಿಂತಿರುವ ಭಾರಿ ಕಟ್ಟಡವೊಂದು ಕಾಣಿಸಿತು. ಅದೇ ಬ್ರಿಟಿಷರ ರಾಷ್ಟ್ರೀಯ ದಫ್ತರಖಾನೆ. ೧೦೮೬ರ ಡೂಮ್ಸ್‌ಡೇ ಎಂಬ ಭೂಮಿಯ ಲೆಕ್ಕದ ಪುಸ್ತಕವೇ ಮೊದಲಾಗಿ ಆ ರಾಜ್ಯದ ಸುಮಾರು ಸಾವಿರ ವರ್ಷಗಳ ಕಾಗದಪತ್ರಗಳು ಅಲ್ಲಿ ಸುರಕ್ಷಿತವಾಗಿವೆ.

ನಾವು ಹೋದುದು ಸ್ವಕಾರ್ಯಕ್ಕಲ್ಲ. ಲಂಡನ್ನಿನಲ್ಲಿ ಉದ್ಯೋಗದಲ್ಲಿರುವ ಮಗನ ಮನೆಯಲ್ಲಿ ಮೂರು ತಿಂಗಳು ತಂಗಿದ್ದಾಗ ನೆರೆಮನೆಯ ವೃದ್ಧರೊಬ್ಬರ ಸ್ನೇಹವಾಯಿತು. ಅವರು ಬಡಗಿಯ ಕಸಬಿನಿಂದ ನಿವೃತ್ತರಾದವರು. ನಮಗಿಂತ ಹದಿನೈದು ವರ್ಷ ಹಿರಿಯರು. ಅವರ ತಾತನು ನೌಕಾಬಲದಲ್ಲಿದ್ದು, ೧೯೧೬ರ ಮೇ ೩೧ರಂದು ಉತ್ತರ ಸಮುದ್ರದಲ್ಲಿ ನಡೆದ ಜಟ್ಲೆಂಡ್ ಕಾಳಗದಲ್ಲಿ ಮಡಿದನೆಂದು ಅವರ ಅಜ್ಜಿ ಹೇಳುತ್ತಿದ್ದಳಂತೆ. ಆ ಕಾಳಗದಲ್ಲಿ ಬ್ರಿಟಿಷರ ಕಡೆ ಆರು ಸಾವಿರಕ್ಕೆ ಮೇಲ್ಪಟ್ಟು ಜನ ಸತ್ತರು. ಆದರೆ ಸತ್ತವರ ಪಟ್ಟಿಯಲ್ಲಿ ತಾತನ ಹೆಸರಿರಲಿಲ್ಲ. “ನಾನು ಕಣ್ಣು ಮುಚ್ಚುವುದರೊಳಗೆ ಆತನು ಯಾವ ಹಡಗಿನಲ್ಲಿದ್ದನೆಂಬುದಾದರೂ ತಿಳಿಯಬೇಕು. ನೀವೂ ಜೊತೆಗೆ ಬನ್ನಿ” ಎಂದರು.

ಮೂಲಪತ್ರಗಳನ್ನು ಓದುವ ಕೊಠಡಿಯೊಳಕ್ಕೆ ಶಾಯಿಯ ಲೇಖನಿಗೆ ಪ್ರವೇಶವಿಲ್ಲ. ಸೀಸದ ಕಡ್ಡಿಯಿಂದಲೇ ಬರೆದುಕೊಳ್ಳತಕ್ಕದ್ದು. ಪುಸ್ತಕಕ್ಕೆ ಶಾಯಿ ತಾಗಿಸಬೇಡಿರೆಂದು ಮೂವತ್ತೈದು ವರ್ಷ ಮಕ್ಕಳಿಗೆ ಹೇಳಿದ ನಮಗೆ ಈ ನಿಯಮವನ್ನು ಕೇಳಿ ಸಂತೋಷವೇ ಆಯಿತು.

ಅಲ್ಲಿಯ ಸಿಬ್ಬಂದಿಯವರೊಬ್ಬರು ತಾಳ್ಮೆಯಿಂದ ಕ್ರಮವನ್ನು ವಿವರಿಸಿದರು. ೧೮೫೩ಕ್ಕೆ ಹಿಂದೆ ಸಾಮಾನ್ಯ ನಾವಿಕನು ಒಂದು ಹಡಗಿಗೆ ಸೇರಿ, ಅದರ ಸಂಚಾರವು ಮುಗಿದೊಡನೆ ಬಿಡುಗಡೆ ಹೊಂದುತ್ತಿದ್ದನು. ಅವನದೆಂಬ ಪ್ರತ್ಯೇಕ ದಾಖಲೆಯಿಲ್ಲ. ಹಡಗಿನ ಹಾಜರಿಪಟ್ಟಿ, ಬಟವಾಡೆಯ ಪುಸ್ತಕಗಳಲ್ಲಿ ಹುಡುಕಬೇಕು. ಹಡಗಿನ ಹೆಸರು ತಿಳಿಯದವನಿಗೆ ಅದು ಕಗ್ಗಾಡಿನಲ್ಲಿ ದಾರಿ ಅರಸಿದಂತೆಯೇ ಸರಿ. ೧೮೦೫ರ ಟ್ರಫಾಲ್ಗರ್ ಯುದ್ಧದ ಹಡಗುಗಳ ಹಾಜರಿಪಟ್ಟಿಗಳು ಇಂದಿಗೂ ಇವೆ. ಅವುಗಳಲ್ಲಿ ನಮ್ಮ ಭಾರತದಲ್ಲಿ ಹುಟ್ಟಿದವರ ಹೆಸರುಗಳೂ ಉಂಟು. ೧೮೫೩ರಲ್ಲಿ ನಿರಂತರ ಸೇವೆಯ ಪದ್ಧತಿ ಬಂದಿತು. ೧೮೭೩ರಿಂದ ಒಬ್ಬೊಬ್ಬ ನಾವಿಕನ ಸಂಗತಿಯನ್ನೂ ಅವನ ಸಂಖ್ಯೆಯ ಕೆಳಗೆ ದೊಡ್ಡ ರಿಜಿಸ್ಟರುಗಳಲ್ಲಿ ಬರೆಯತೊಡಗಿದರು. ಅಧಿಕಾರಿಗಳ ಪುಸ್ತಕಗಳೇ ಬೇರೆ.

ಈಗ ಆ ರಿಜಿಸ್ಟರುಗಳ ಪುಟಗಳನ್ನು ಕಂಪ್ಯೂಟರಿನ ಪರದೆಯ ಮೇಲೆ ನೋಡಬಹುದು. ತಾತನ ಹೆಸರಿನವರು ಹನ್ನೊಂದು ಮಂದಿ ಸಿಕ್ಕಿದರು. ಹುಟ್ಟಿದ ಊರನ್ನೂ ತಾರೀಖನ್ನೂ ಹೋಲಿಸಲಾಗಿ ಒಬ್ಬನು ಮಾತ್ರ ಉಳಿದನು. ೧೯೦೩ರಲ್ಲಿ ಹನ್ನೆರಡು ವರ್ಷದ ಕರಾರಿಗೆ ಸೇರಿದವನು. ಕೆಲಸ, ಸ್ಟೋಕರ್, ಎಂದರೆ ಹಡಗಿನ ತಳದಲ್ಲಿ ಕುಲುಮೆಗೆ ಕಲ್ಲಿದ್ದಲನ್ನು ಎತ್ತಿಹಾಕುವುದು. ಎತ್ತರ ಐದು ಅಡಿ ನಾಲ್ಕು ಅಂಗುಲ, ಕಂದು ಕೂದಲು, ನೀಲಿ ಕಣ್ಣು, ಎಡಮುಂಗೈಯಲ್ಲಿ ಲಂಗರಿನ ಹಚ್ಚೆ. ಕೆಳಗೆ ಹಡಗುಗಳ ಹೆಸರು, ತಾರೀಖು; ನಡತೆಯ ಕಲಮಿನಲ್ಲಿ ವರ್ಷವರ್ಷವೂ ‘ಬಹಳ ಒಳ್ಳೆಯದು’ ಎಂಬುದರ ಸಂಕ್ಷೇಪ. ನಮ್ಮ ಮಿತ್ರರು ಪರದೆಯನ್ನು ಬೆರಳಿನಿಂದ ಮುಟ್ಟಿ, “ನನ್ನ ಕಣ್ಣೂ ನೀಲಿ” ಎಂದರು.

ಕಟ್ಟಕಡೆಯ ಸಾಲು ೧೯೧೦ನೆಯ ಇಸವಿಯದು. ಸೇವೆಯಲ್ಲಿರುವಾಗ ಸತ್ತವನಾದರೆ ಅಲ್ಲಿ ‘ಡಿ. ಡಿ.’ ಎಂದಿರಬೇಕು, ಮೃತನಾಗಿ ಬಿಡುಗಡೆ ಹೊಂದಿದನೆಂದು ಅರ್ಥ. ಇಲ್ಲಿ ಇದ್ದುದು ‘ರನ್’ ಎಂಬ ಒಂದೇ ಮಾತು. ದೂರದೇಶದ ಬಂದರೊಂದರಲ್ಲಿ ಹಡಗನ್ನು ಬಿಟ್ಟು ಓಡಿಹೋದನು. ಜಟ್ಲೆಂಡ್ ಕಾಳಗಕ್ಕೆ ಇನ್ನೂ ಆರು ವರ್ಷವಿದ್ದಿತು.

ಮಿತ್ರರು ಕನ್ನಡಕವನ್ನು ತೆಗೆದು ಮೇಜಿನ ಮೇಲಿಟ್ಟರು. ಅವರನ್ನು ಕರೆತರದಿದ್ದರೆ ಚೆನ್ನಾಗಿತ್ತೆಂದು ನಮಗೆ ತೋರಿತು. ಕರೆತಂದವರು ಅವರೇ ಎಂಬುದನ್ನೂ ಮರೆತೆವು. ಬಹಳ ಹೊತ್ತಿನ ಮೇಲೆ ಅವರು ಮೆಲ್ಲನೆ ಹೇಳಿದರು: “ಆಗ ನನ್ನ ತಂದೆಗೆ ಒಂದು ವರ್ಷ. ಮಗ ಹತ್ತು ಜನರ ಮುಂದೆ ತಲೆತಗ್ಗಿಸಬಾರದೆಂದು ಅಜ್ಜಿ ಈ ಕಥೆಯನ್ನು ಕಟ್ಟಿರಬೇಕು. ಆಕೆ ಊರವರ ಬಟ್ಟೆ ಒಗೆದು ಅವನನ್ನು ಸಾಕಿದಳು. ನಾವು ಅಷ್ಟು ವರ್ಷವೂ ಗೋಡೆಗೆ ತೂಗುಹಾಕಿದ್ದುದು ತಾತನ ಪಟವನ್ನು. ಆಕೆಯದೊಂದು ಪಟವೂ ಇಲ್ಲ.” ಬಳಿಕ ಸೀಸದ ಕಡ್ಡಿಯನ್ನು ತೆಗೆದುಕೊಂಡು, ತಾನು ಬರೆದುಕೊಂಡಿದ್ದ ಹಡಗುಗಳ ಹೆಸರಿನ ಕೆಳಗೆ ಅಜ್ಜಿಯ ಹೆಸರನ್ನು ದೊಡ್ಡ ಅಕ್ಷರದಲ್ಲಿ ಬರೆದರು.

ಹಿಂದಿರುಗುವಾಗ ರೈಲಿನಲ್ಲಿ ನಮಗೆ ನಮ್ಮ ನಾಡಿನ ಶಾನುಭೋಗರ ಕಡತಗಳ ನೆನಪಾಯಿತು. ಇದ್ದಿಲು, ಹುಣಿಸೆಬೀಜದ ಅಂಟು ಬಳಿದ ಬಟ್ಟೆಯ ಮೇಲೆ ಬಳಪದಿಂದ ಬರೆದ ಲೆಕ್ಕಗಳವು. ಶಾನುಭೋಗರು ರೈತನನ್ನು ಬರೆದುದು ಕಂದಾಯಕ್ಕಾಗಿ. ಕ್ಯೂ ರಿಜಿಸ್ಟರು ನಾವಿಕನನ್ನು ಬರೆದುದು ಸಂಬಳಕ್ಕೂ ಶಿಸ್ತಿಗೂ. ಮೊಮ್ಮಕ್ಕಳು ಬಂದು ಹುಡುಕುವರೆಂದು ಯಾವ ಗುಮಾಸ್ತನೂ ಎಣಿಸಲಿಲ್ಲ. ಆದುದರಿಂದಲೇ ಅಲ್ಲಿ ಮುಖಸ್ತುತಿಯೂ ಇಲ್ಲ, ದಾಕ್ಷಿಣ್ಯವೂ ಇಲ್ಲ. ಆದರೆ ಸರ್ಕಾರಕ್ಕೆ ಕೊಡುವುದೂ ಕೊಳ್ಳುವುದೂ ಇಲ್ಲದವರು ಅಂಥ ಪುಸ್ತಕಗಳೊಳಕ್ಕೆ ಬರುವುದಿಲ್ಲ. ಬಟ್ಟೆ ಒಗೆದು ಮಗನನ್ನು ಬೆಳೆಸಿದವಳ ಪುಟವು ಆ ನೌಕಾ ರಿಜಿಸ್ಟರಿನಲ್ಲಿ ಇರುವುದೆಂತು?

ಪ್ರತಿ ಅಮಾವಾಸ್ಯೆಯೂ ತರ್ಪಣದಲ್ಲಿ ನಾವು ಪಿತೃ, ಪಿತಾಮಹ, ಪ್ರಪಿತಾಮಹರಿಗಲ್ಲದೆ ಮಾತೃ, ಪಿತಾಮಹಿ, ಪ್ರಪಿತಾಮಹಿಯರಿಗೂ ಹೆಸರು ಹೇಳಿ ನೀರು ಬಿಡುತ್ತೇವೆ. ಯೋಗ್ಯತೆಯನ್ನು ವಿಚಾರಿಸಿ ಬಿಡುವುದಿಲ್ಲ. ಆದರೆ ನಮ್ಮ ಪ್ರಪಿತಾಮಹಿಯ ವಿಷಯದಲ್ಲಿ ಹೆಸರಲ್ಲದೆ ನಮಗೆ ಗೊತ್ತಿದ್ದುದೇನು? ಆಕೆಯ ತವರೂರನ್ನೂ ಅರಿಯೆವು.

ಊರಿಗೆ ಬಂದೊಡನೆ ತೊಂಬತ್ತು ವರ್ಷದ ನಮ್ಮ ಸೋದರತ್ತೆಯ ಬಳಿ ಒಂದು ನೋಟ್ ಪುಸ್ತಕವನ್ನು ಹಿಡಿದು ಕುಳಿತೆವು. “ಇಷ್ಟು ವರ್ಷ ಯಾರೂ ಕೇಳಲಿಲ್ಲವಲ್ಲೋ!” ಎಂದು ಆಕೆ ನಕ್ಕು ಹೇಳತೊಡಗಿದರು. ಮೊದಲ ದಿನವೇ ಆರು ಪುಟ ತುಂಬಿದವು. ವಾಚಕರ ಮನೆಗಳಲ್ಲಿಯೂ ಅಂಥ ಹಿರಿಯರಿದ್ದರೆ ಈ ಸಂಜೆಯೇ ಹೋಗಿ ಕೇಳಲಿ ಎಂದು ನಮ್ಮ ಪ್ರಾರ್ಥನೆ.