ಅಮ್ಮನ ಹೆರಳೂ ಊರಿನ ನೀರೂ

ತಲೆಗೆ ಎರೆದುಕೊಳ್ಳುವುದೆಂದರೆ ನಮ್ಮ ತಾಯಿಯವರಿಗೆ ವಾರಕ್ಕೊಂದು ಹಬ್ಬ. 2016ರಲ್ಲಿ ಅವರು ತೀರ್ಥಹಳ್ಳಿಯ ಕಡೆಯಿಂದ ಹೈದರಾಬಾದಿನ ನಮ್ಮ ಮನೆಗೆ ಬಂದು ನೆಲೆಸಿದಾಗ, ಟ್ರಂಕಿನ ಅರ್ಧವನ್ನು ಸೀಗೆಪುಡಿಯ ಡಬ್ಬಿಗಳೇ ತುಂಬಿದ್ದವು. ಆದರೆ ಡಬ್ಬಿಗಳು ಬರಿದಾಗುವ ಹೊತ್ತಿಗೆ ಊರಿನಿಂದ ಬರುವವರು ಯಾರೂ ಸಿಗಲಿಲ್ಲ. ಮೊಮ್ಮಗಳ ಶಾಂಪೂ ಸೀಸೆಯನ್ನು ಮುಟ್ಟಲು ಅವರ ಮನಸ್ಸು ಒಪ್ಪದು. ಮೈಗೆ ಹಚ್ಚುವ ಸಾಬೂನನ್ನೇ ತಲೆಗೂ ತಿಕ್ಕಿಕೊಂಡರು.

ತೊಂದರೆ ಮೊದಲಾದದ್ದು ಅಂದಿನಿಂದ. ಕೂದಲು ಒಣಗಿದ ಮೇಲೂ ಅಂಟು ಅಂಟು. ಬಾಚಣಿಗೆಯ ಹಲ್ಲುಗಳಲ್ಲಿ ಬೂದು ಬಣ್ಣದ ಮೇಣ. ಇನ್ನಷ್ಟು ಸಾಬೂನು ಹಚ್ಚಿದರೆ ಇನ್ನಷ್ಟು ಅಂಟು. ಸಿಕ್ಕು ಬಿಡಿಸುವಾಗ ಕಿತ್ತುಬಂದ ಕೂದಲ ಉಂಡೆಯನ್ನು ನಮ್ಮೆದುರು ಹಿಡಿದು, “ಈ ಊರಿನ ನೀರು ನನಗೆ ಆಗಿಬರುವುದಿಲ್ಲ ಕಣೋ, ನನ್ನನ್ನು ಊರಿಗೆ ಬಿಟ್ಟು ಬಾ” ಎಂದರು. ಅಲ್ಲಿಯ ಮನೆಗೆ ಬೀಗ ಹಾಕಿ ಬಂದದ್ದು ಅವರಿಗೂ ಗೊತ್ತು, ನಮಗೂ ಗೊತ್ತು. ಆ ವಯಸ್ಸಿನಲ್ಲಿ ಒಬ್ಬರೇ ಇರುವುದು ಹೇಗೆ? ಉತ್ತರ ಹೇಳಲಾರದೆ ನಾವು ಆ ದಿನ ಕಚೇರಿಗೆ ಹೊರಟುಬಿಟ್ಟೆವು.

ದಾರಿ ತೋರಿಸಿದವಳು ಕಾಲೇಜಿನಲ್ಲಿ ರಸಾಯನಶಾಸ್ತ್ರ ಓದುತ್ತಿದ್ದ ಮಗಳು. ಮೂರು ಬಾಟಲಿಗಳಿಗೆ ಮನೆಯ ಬೋರ್‌ವೆಲ್ ನೀರು ತುಂಬಿ, ಒಂದಕ್ಕೆ ಸಾಬೂನಿನ ಚೂರು, ಇನ್ನೊಂದಕ್ಕೆ ನಾಲ್ಕು ಹನಿ ಶಾಂಪೂ, ಮತ್ತೊಂದಕ್ಕೆ ಡಬ್ಬಿಯ ತಳ ಕೆರೆದು ತೆಗೆದ ಸೀಗೆಪುಡಿ ಹಾಕಿ ಕುಲುಕಿದಳು. ಸಾಬೂನಿನ ನೀರು ಒಡೆದ ಹಾಲಿನಂತಾಯಿತು. ಉಳಿದೆರಡರಲ್ಲಿ ನೊರೆ.

ಅವಳು ವಿವರಿಸಿದ್ದರಲ್ಲಿ ನಮಗೆ ತಿಳಿದಷ್ಟನ್ನು ಹೇಳುತ್ತೇವೆ. ನೆತ್ತಿಯಿಂದ ಜಿನುಗುವ ಜಿಡ್ಡಿಗೆ ಧೂಳು ಅಂಟಿಕೊಂಡಿರುತ್ತದೆ. ಬರಿಯ ನೀರಿಗೂ ಜಿಡ್ಡಿಗೂ ಹೊಂದಿಕೆಯಿಲ್ಲ. ಸಾಬೂನು, ಶಾಂಪೂ ಎರಡರ ಅಣುವಿಗೂ ಎಣ್ಣೆಯನ್ನು ಬಯಸುವ ಉದ್ದನೆಯ ಬಾಲ, ನೀರನ್ನು ಬಯಸುವ ತಲೆ. ಬಾಲಗಳೆಲ್ಲ ಜಿಡ್ಡಿನ ಹನಿಯೊಳಗೆ ನೆಟ್ಟುಕೊಂಡು ತಲೆಗಳು ಹೊರಗೆ ನಿಂತಾಗ ಕದಂಬದ ಹೂವಿನಂಥ ಉಂಡೆಯಾಗುತ್ತದೆ; ಅದನ್ನು ನೀರು ಹೊತ್ತೊಯ್ಯುತ್ತದೆ. ಕೊಳೆ ತೆಗೆಯುವುದು ಈ ಉಂಡೆಯೇ; ನೊರೆ ಬರಿಯ ಮೆರವಣಿಗೆ.

ಭೇದವಿರುವುದು ತಲೆಯಲ್ಲಿ. ಗಡಸು ನೀರಿನ ಕ್ಯಾಲ್ಸಿಯಂ, ಮೆಗ್ನೀಸಿಯಂಗಳು ಸಾಬೂನಿನ ತಲೆಯನ್ನು ಹಿಡಿದುಕೊಂಡರೆ, ನೀರಿನಲ್ಲಿ ಕರಗದ ಗಷ್ಟು ಹುಟ್ಟಿ ಕೂದಲಿಗೆ ಮೆತ್ತಿಕೊಳ್ಳುತ್ತದೆ. ತುಂಗೆಯ ಮೆದು ನೀರಿನಲ್ಲಿ ಮಿಂದವರಿಗೆ ಈ ಗಷ್ಟಿನ ಪರಿಚಯ ಎಲ್ಲಿಂದ ಬರಬೇಕು? ಅನೇಕ ಶಾಂಪೂಗಳಲ್ಲಿರುವ ಸೋಡಿಯಂ ಲಾರೆತ್ ಸಲ್ಫೇಟಿನ ತಲೆಯಲ್ಲಿ ಗಂಧಕವಿದೆ; ಅದು ಕ್ಯಾಲ್ಸಿಯಂ ಸೇರಿದರೂ ಕರಗಿಯೇ ಇರುತ್ತದೆ. ಸೀಗೆಯ ಸಪೋನಿನ್ ಕೂಡ ಹಾಗೆ ಒಡೆಯುವುದಿಲ್ಲ. ಸಾಲದ್ದಕ್ಕೆ ಸಾಬೂನಿನ ನೀರು ಕ್ಷಾರ, ಅದರ ಪಿಎಚ್ 9ರಿಂದ 10. ಅದು ತಗುಲಿದರೆ ಕೂದಲಿನ ಹೊರಗಿನ ಸಣ್ಣ ಹುರುಪೆಗಳು ಎದ್ದು ನಿಂತು ಒಂದಕ್ಕೊಂದು ಸಿಕ್ಕಿಕೊಳ್ಳುತ್ತವೆ.

“ಹಾಗಾದರೆ ನನ್ನ ಸೀಗೆಯದೇನೂ ತಪ್ಪಿಲ್ಲವಲ್ಲ?” ಎಂದರು ಅಮ್ಮ.

“ಏನೂ ಇಲ್ಲ ಅಜ್ಜಿ. ಶಾಂಪೂವಿನ ಬಾಲವನ್ನೂ ಎಷ್ಟೋ ಸಲ ತೆಂಗಿನೆಣ್ಣೆಯಿಂದಲೇ ಮಾಡುತ್ತಾರೆ.”

“ಅಯ್ಯೋ, ತೆಂಗಿನೆಣ್ಣೆ ತೆಗೆಯಲು ತೆಂಗಿನೆಣ್ಣೆಯೇ!” ಎಂದು ಅಮ್ಮ ಬಾಯಿ ತುಂಬ ನಕ್ಕರು. ಹೆಸರೂ ನಮ್ಮಲ್ಲಿಯದೇ, ‘ಒತ್ತು’ ಎಂಬರ್ಥದ ಹಿಂದಿಯ ‘ಚಾಂಪೋ’ ಇಂಗ್ಲಿಷಿಗೆ ಹೋಗಿ ಶಾಂಪೂ ಆಯಿತು ಎಂದು ನಾವೂ ಒಂದು ಮಾತು ಸೇರಿಸಿದೆವು. ಅದನ್ನು ಯಾರೂ ಕೇಳಿಸಿಕೊಳ್ಳಲಿಲ್ಲ.

ಆ ಶುಕ್ರವಾರ ಮಗಳು ಒಂದು ತಂಬಿಗೆ ನೀರಿಗೆ ಅರ್ಧ ನಿಂಬೆಹಣ್ಣು ಹಿಂಡಿ, ಮೆತ್ತಿದ್ದ ಗಷ್ಟನ್ನು ಸಡಿಲಿಸಿ, ಶಾಂಪೂ ಹಾಕಿ ಅಜ್ಜಿಯ ತಲೆಗೆ ಎರೆದಳು. ಮೊದಲ ಸಲ ಜಿಡ್ಡು ನೊರೆಯನ್ನು ನುಂಗಿಹಾಕಿತು. ಎರಡನೆಯ ಸಲ ಧಾರಾಳವಾಗಿ ಬಂತು. ಸಂಜೆ ಅಮ್ಮ ಬಾಲ್ಕನಿಯಲ್ಲಿ ಕೂದಲು ಹರಡಿಕೊಂಡು ಕುಳಿತು, ಬಾಚಣಿಗೆಯನ್ನು ಎತ್ತಿ ಬೆಳಕಿಗೆ ಹಿಡಿದು ನೋಡಿದರು. ಮೇಣ ಇರಲಿಲ್ಲ.

ಮುಂದೆ ಊರಿನಿಂದ ಸೀಗೆಪುಡಿಯೂ ಅಂಚೆಯಲ್ಲಿ ಬಂತು. ಬಚ್ಚಲ ಗೂಡಿನಲ್ಲಿ ಡಬ್ಬಿ, ಸೀಸೆ ಎರಡೂ ಅಕ್ಕಪಕ್ಕ ನಿಂತವು. ಊರಿಗೆ ಬಿಟ್ಟು ಬಾ ಎಂಬ ಮಾತು ಆ ವರ್ಷ ಮತ್ತೆ ಏಳಲಿಲ್ಲ. ಮರುವರ್ಷ ಎದ್ದಿತು, ಆದರೆ ಅದು ಹಲಸಿನ ಹಣ್ಣಿನ ಕಾಲ.